ಬೀಗ ಹಾಕಿದ ಹಾಡಿನ ಷೇರು

ನಮ್ಮ ಬಳಗದಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ: ಬೈಲಹೊಂಗಲದ ಕಾಕಾ ಯಾರದೋ ಮಾತಿಗೆ ಮರುಳಾಗಿ ಷೇರು ಕೊಂಡರಂತೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಆಧಾರವಿಲ್ಲದೆ ಅವ್ವನ ಮಾತನ್ನೂ ನಂಬಿದವಳಲ್ಲ. ಕಾಕಾ ಮರುಳಾದದ್ದು ಯಾರದೋ ಮಾತಿಗಲ್ಲ, ನನ್ನ ಮಾತಿಗೆ. ಅದೂ ಷೇರು ಬೇಡವೆಂದು ನಾನು ಆಡಿದ ಮಾತಿಗೆ.

ಕಾಕಾನದು ಮನೆಯ ಮುಂಗೋಣೆಯಲ್ಲೇ ಕ್ಯಾಸೆಟ್ ಅಂಗಡಿ. ಗಿರಾಕಿಗಳು ಹಾಡುಗಳ ಚೀಟಿ, ಖಾಲಿ ಕ್ಯಾಸೆಟ್ ತಂದುಕೊಟ್ಟರೆ ಸಂಜೆಯೊಳಗೆ ತುಂಬಿಕೊಡುತ್ತಾರೆ. ಒಂದು ದಿನ ಪೇಪರಿನಲ್ಲಿ ಓದಿದರು: ಇನ್ನು ಹಾಡುಗಳು ಇಂಟರ್ನೆಟ್ಟಿನಿಂದ ಇಳಿದು ಕಿಸೆಯ ಪ್ಲೇಯರಿಗೆ ಬರುತ್ತವೆ, ಯಾರೂ ನಕಲು ಮಾಡದಂತೆ ಬೀಗ ಹಾಕಿಕೊಂಡೇ ಬರುತ್ತವೆ, ಆ ಬೀಗ ಮಾಡುವ ಕಂಪನಿಯ ಷೇರು ಏರುತ್ತಲೇ ಇದೆ. ಅಡುಗೆಮನೆಯ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಲೆಂದು ಅವರ ಹೆಂಡತಿ, ನಮ್ಮ ಕಾಕು, ಕೂಡಿಟ್ಟ ಹಣದ ಮೇಲೆ ಕಾಕಾನ ಕಣ್ಣು ಬಿತ್ತು. ಕಾಕು ನನ್ನನ್ನು ರಾಮದುರ್ಗದಿಂದ ಕರೆಸಿದರು. "ಅಡ್ಡ ಮಾತಾಡಾಕ ಶಾಣ್ಯಾಕಿ ಅದಿ, ನಿಮ್ಮ ಕಾಕಾನ್ನ ತಡಿಯವಾ."

ಮಾತಾಡಿದೆ. "ಕಾಕಾ, ಬೀಗದ ಹಾಡು ಮಗ್ಗಲ ಮನಿಯವರಿಗೂ ಕೊಡಾಕ ಬರಂಗಿಲ್ಲರಿ. ಯಾರ್ ತಗೋತಾರ್ರಿ ಅದನ್ನ?"

ಕಾಕಾ ಕಣ್ಣರಳಿಸಿದರು. "ಕೊಡಾಕ ಬರಂಗಿಲ್ಲ? ಅಂದ್ರ ಊರಮಂದಿ ಎಲ್ಲಾ ಒಬ್ಬೊಬ್ರೂ ರೊಕ್ಕಾ ಕೊಟ್ಟು ತಗೋಬೇಕಲ್ಲ! ಭಲೇ ತಂಗಿ!" ಮರುದಿನವೇ ಷೇರು ಕೊಂಡರು. ನನ್ನ ವಾದಕ್ಕೆ ಎದುರಾಳಿ ಇಷ್ಟು ಮನಸಾರೆ ತಲೆದೂಗಿದ್ದು ಅದೊಂದೇ ಸಲ.

ಷೇರು ಇನ್ನಷ್ಟು ಏರಿತು. ಆ ಹುರುಪಿನಲ್ಲಿ ಕಾಕಾ ಪ್ಲೇಯರನ್ನೇ ತಂದರು, ಅದರೊಳಗೆ ಬೀಗ ಹಾಕಿದ ಒಂದು ಹಾಡು. ಟೆಂಪೋ ಓಡಿಸುವ ದಸ್ತಗೀರ್ ಚಾಚಾ ಕಿವಿಗಿಟ್ಟುಕೊಂಡವರು ತೆಗೆಯಲೇ ಇಲ್ಲ. "ಭಾಯಿ, ಸವದತ್ತಿ ರಸ್ತೆಕ್ಕ ಇದು ಬೇಕ ಬೇಕು. ನನ್ನ ಕ್ಯಾಸೆಟ್‌ನಾಗ ತುಂಬಿ ಕೊಡ್ರಿ."

ಬೀಗದ ಕಂಪನಿಯ ಪಾಲುದಾರರಾಗಿ ಕಾಕಾ ಆಗದು ಎನ್ನಬೇಕಿತ್ತು. ಆದರೆ ಗಿರಾಕಿಗೆ ಇಲ್ಲ ಎಂದು ಹೇಳಿ ಅವರಿಗೆ ರೂಢಿಯೇ ಇಲ್ಲ. ಟೇಪ್‌ರೆಕಾರ್ಡರಿನ ಮೈಕನ್ನು ಇಯರ್‌ಫೋನಿಗೆ ಒತ್ತಿ ಹಿಡಿಯಲು ನನಗೆ ಹೇಳಿ, "ಯಾರೂ ಕೆಮ್ಮಬ್ಯಾಡ್ರಿ" ಎಂದರು. ಯಾರೂ ಕೆಮ್ಮಲಿಲ್ಲ, ಒಳಗೆ ಕುಕ್ಕರ್ ಮೂರು ಸಲ ಸೀಟಿ ಹೊಡೆಯಿತು. ವಾರದೊಳಗೆ ಆ ಹಾಡು ಸೀಟಿಗಳ ಸಮೇತ ಮನೋಳಿಯವರೆಗೆ ಟೆಂಪೋಗಳಲ್ಲೆಲ್ಲ ಮೊಳಗಿತು. ಕ್ಯಾಸೆಟ್ ತಂದವರು "ಸೀಟಿ ಇದ್ದದ್ದ ಹಾಕ್ರಿ" ಎಂದು ಕೇಳಿ ತುಂಬಿಸಿಕೊಂಡರು.

"ಕಾಕಾ, ನಿಮ್ಮ ಕಂಪನಿ ಬೀಗ ನೀವ ಮುರದ್ರಿ!" ಎಂದೆ.

"ಮುರದಿಲ್ಲವಾ, ಮಗ್ಗಲದಾಗಿಂದ ಹಾದು ಬಂದೇನಿ," ಎಂದು ನಕ್ಕರು.

ಕಾಕು ನಗಲಿಲ್ಲ. ಬೈಲಹೊಂಗಲದಲ್ಲೇ ಇಷ್ಟು ಸಲೀಸಾಗಿ ಸೋತ ಬೀಗ ಬೇರೆ ಊರುಗಳಲ್ಲಿ ಎಷ್ಟು ದಿನ ಬಾಳೀತೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೈ ಒರೆಸಿಕೊಳ್ಳುತ್ತ ನನ್ನೆದುರು ಬಂದು ನಿಂತರು. ಎರಡೂ ಪಕ್ಷಕ್ಕೆ ಮೂರು ಮೂರು ನಿಮಿಷದ ಮಾತು ನನ್ನಲ್ಲಿ ತಯಾರಿತ್ತು. ಆದರೆ ನಾನು ಏನೆಂದರೂ ಅದರ ತದ್ವಿರುದ್ಧ ಮಾಡಲು ಕಾಕಾ ಹುಮ್ಮಸ್ಸಿನಿಂದ ಕಿವಿಗೊಟ್ಟು ಕೂತಿದ್ದರು.

"ಹೇಳವಾ," ಎಂದರು ಕಾಕು, "ಷೇರು ಮಾರೂದೋ, ಇಟಗೊಳ್ಳೂದೋ?"