ಗಂಡನಿಗೊಂದು ಅಡ್ಜೆಕ್ಟಿವ್

ಜಯಕರ: ಇದೆಂತ ಬರೆದದ್ದು ಮಾರಾಯ್ತಿ? ಇನ್ನೊಮ್ಮೆ ಓದು.

ಪ್ರಫುಲ್ಲಾ: ‘ಬಿಗ್ ಓಲ್ಡ್ ರೌಂಡ್ ಬ್ರೌನ್ ಉಡುಪಿ ಹಸ್ಬೆಂಡ್.’

ಜಯಕರ: ದೊಡ್ಡದು, ಹಳತು, ಉರುಟು, ಕಂದು! ನಾನೇನು ನಿನ್ನ ಗಂಡನಾ, ನಿನ್ನೆಯ ಗೋಳಿಬಜೆಯಾ?

ಜಾದವ್‌ಪುರ ಸ್ಟೇಷನ್ನಿನ ಹತ್ತಿರದ ಅವರ ಇಡ್ಲಿ-ದೋಸೆ ಹೋಟೆಲಿಗೆ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಬಿಡುವು. ಅಲ್ಲಿಯ ಸರ್ಕಾರ ಪ್ರೈಮರಿ ಶಾಲೆಯಿಂದ ಇಂಗ್ಲಿಷನ್ನೇ ತೆಗೆದುಹಾಕಿದ ಮೇಲೆ, ಮಗಳು ತುಳಸಿಗೆ ತಾನೇ ಕಲಿಸುತ್ತೇನೆಂದು ಪ್ರಫುಲ್ಲಾ ಹಟ ಹಿಡಿದಿದ್ದಳು. ಅದಕ್ಕಾಗಿ ಮೊದಲು ತಾನು ಕಲಿಯಲು, ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಕೃಷ್ಣವೇಣಿ ಟೀಚರ ಮನೆಗೆ ವಾರಕ್ಕೆರಡು ದಿನ ಹೋಗುತ್ತಿದ್ದಳು. ಆ ನೋಟ್‌ಬುಕ್ಕು ಇವತ್ತು ಕೈಗೆ ಸಿಕ್ಕಿದ್ದೇ ಜಯಕರನ ಗ್ರಹಚಾರ.

ಪ್ರಫುಲ್ಲಾ: ಅಡ್ಜೆಕ್ಟಿವ್ ಹಾಗೇ ಬರೆಯುವುದು. ಗಾತ್ರ, ವಯಸ್ಸು, ಆಕಾರ, ಬಣ್ಣ, ಊರು, ಎಲ್ಲ ಸಾಲಾಗಿ ಬರಬೇಕು.

ಜಯಕರ: ಅಡ್ಜಸ್ಟ್ ಮಾಡಿಕೊಳ್ಳಲಿಕ್ಕೆ ನನಗೆ ಹೇಳಿಕೊಡಬೇಡ. ಹದಿನೆಂಟು ವರ್ಷದಿಂದ ಅದನ್ನೇ ಮಾಡ್ತಿದ್ದೇನೆ.

ಪ್ರಫುಲ್ಲಾ: ಅಡ್ಜಸ್ಟ್ ಅಲ್ಲ, ಅಡ್ಜೆಕ್ಟಿವ್! ಗುಣ ಹೇಳುವ ಪದ.

ಜಯಕರ: ಗುಣ ಎಲ್ಲುಂಟು ಇದರಲ್ಲಿ? ಬರೇ ಹೊಟ್ಟೆ ಉಂಟು. ಮತ್ತೆ, ಶುರುವಿಗೇ ಇಷ್ಟುದ್ದ ಖಾಲಿ ಗೆರೆ ಎಂತಕ್ಕೆ?

ಪ್ರಫುಲ್ಲಾ: ಅದು ಅಭಿಪ್ರಾಯದ ಜಾಗ. ನಮಗೆ ಹೇಗೆ ಅನ್ನಿಸ್ತದೋ ಆ ಪದ ಎಲ್ಲಕ್ಕಿಂತ ಮೊದಲು ಬರಬೇಕಂತೆ.

ಜಯಕರ: ಖಾಲಿ ಬಿಟ್ಟಿದ್ದೀಯಲ್ಲ?

ಪ್ರಫುಲ್ಲಾ: ಯೋಚನೆ ಮಾಡ್ತಾ ಇದ್ದೇನೆ.

ಜಯಕರ: ಹದಿನೆಂಟು ವರ್ಷದಿಂದಲಾ?

ಬೇಸರದಲ್ಲಿ ಹಾಳೆ ಮಗುಚಿದ. ಹಿಂದಿನ ಪುಟ ನೋಡಿ ಮುಖ ಇನ್ನಷ್ಟು ಸಣ್ಣಗಾಯಿತು.

ಜಯಕರ: ‘ಬ್ಯೂಟಿಫುಲ್ ಸ್ಮಾಲ್ ನ್ಯೂ ಗ್ರೈಂಡರ್!’ ಹಿಟ್ಟು ರುಬ್ಬುವ ಮಿಷನ್ನಿಗೆ ಬ್ಯೂಟಿಫುಲ್, ನನಗೆ ಗೆರೆ!

ಪ್ರಫುಲ್ಲಾ: ಅದು ಹೇಳಿದ ಕೆಲಸ ಮಾಡ್ತದೆ, ಕರೆಂಟು ಇದ್ದರೆ.

ಜಯಕರ: ಕರೆಂಟು ಇಲ್ಲದಾಗ ಕೈಯಲ್ಲಿ ರುಬ್ಬುವವ ಯಾರು? ಹೋಗಲಿ, ‘ಗುಡ್’ ಅಂತಾದರೂ ಹಾಕು.

ಪ್ರಫುಲ್ಲಾ: ‘ಗುಡ್’ ನನ್ನೊಟ್ಟಿಗೆ ಪಾಠಕ್ಕೆ ಬರುವ ಸುಲೋಚನಾ ಅವಳ ಗಂಡನಿಗೆ ಹಾಕಿಯಾಗಿದೆ. ಆ ಮನುಷ್ಯ ಕುಡಿದ ಲೋಟ ಎತ್ತಿಡುವವನಲ್ಲ. ಅವನಿಗೂ ನಿಮಗೂ ಒಂದೇ ಪದವಾ?

ಜಯಕರನಿಗೆ ಇದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಬಟ್ಟೆ ತೆಗೆದುಕೊಂಡು, ಒರೆಸಿದ ಮೇಜನ್ನೇ ಮತ್ತೆ ಒರೆಸಿದ.

ಪ್ರಫುಲ್ಲಾ: ನನಗೆ ಟೈಫಾಯ್ಡ್ ಆದಾಗ ಒಂದು ತಿಂಗಳು ತುಳಸಿಗೆ ಜಡೆ ಹಾಕಿ ಶಾಲೆಗೆ ಕಳಿಸಿದಿರಲ್ಲ, ಅಂಥವರಿಗೆ ಇಂಗ್ಲಿಷಿನಲ್ಲಿ ಎಂತ ಹೇಳುವುದು ಅಂತ ಟೀಚರನ್ನು ಕೇಳಿದೆ.

ಜಯಕರ: (ಕೈ ನಿಂತಿತು) ಎಂತ ಹೇಳಿದ್ರು?

ಪ್ರಫುಲ್ಲಾ: ಅವರಿಗೂ ಹೊಳೆಯಲಿಲ್ಲ. ಡಿಕ್ಷನರಿ ನೋಡಿ ಹೇಳ್ತೇನೆ ಅಂದ್ರು.

ಜಯಕರ ಬಟ್ಟೆ ಹೆಗಲಿಗೆ ಹಾಕಿ ಒಳಗೆ ಹೋದವನು ಎರಡು ಲೋಟ ಕಾಫಿ ತಂದ. ಹೆಂಡತಿಯ ಲೋಟದ ನೊರೆ ಅಂಚು ಮೀರಿತ್ತು.

ಜಯಕರ: ಅವಸರ ಇಲ್ಲ, ನಿಧಾನ ನೋಡಲಿ. ಮುಂದಿನ ಪಾಠ ಎಂತದ್ದು?

ಪ್ರಫುಲ್ಲಾ: ಹೋಲಿಕೆ. ಗುಡ್, ಬೆಟರ್, ಬೆಸ್ಟ್.

ಜಯಕರ: (ಮೀಸೆ ತಿರುವುತ್ತಾ) ಹಾಗಾದರೆ ಯೋಚನೆ ಎಂತಕ್ಕೆ? ಬೆಸ್ಟ್ ಅಂತ ಬರೆದು ಮುಗಿಸು!

ಪ್ರಫುಲ್ಲಾ: ಬರೆಯಬಹುದಿತ್ತು. ಬೆಸ್ಟ್ ಅನ್ನಲಿಕ್ಕೆ ಕಡಿಮೆಯೆಂದರೂ ಮೂರು ಬೇಕಂತೆ. ಇನ್ನಿಬ್ಬರು ಗಂಡಂದಿರನ್ನು ನಾನು ಎಲ್ಲಿಂದ ತರಲಿ?