ಸಹಿ ಆಗುವವರೆಗೆ ಪುನರಾವರ್ತಿಸು

ಕೋಡಿಂಗ್ ಚಟುವಟಿಕೆಗಳ ಮೂಲಕವೇ ಸಮಾಜ ವಿಜ್ಞಾನ ಬೋಧಿಸತಕ್ಕದ್ದು ಎಂಬ ಸುತ್ತೋಲೆ ನಮ್ಮ ಶಾಲೆಯಲ್ಲಿ ಜಾರಿಗೆ ಬಂದಿತು ಮತ್ತು ಮೊದಲ ದಿನವೇ ಸಂಪೂರ್ಣ ಯಶಸ್ವಿಯಾಯಿತು.

ಸುತ್ತೋಲೆಯ ಜೊತೆಗೆ ಕಂಪ್ಯೂಟರುಗಳೂ ಬಂದಿದ್ದವು. ಬಳಸಿದರೆ ಹಳೆಯವಾಗುತ್ತವೆ ಎಂಬ ಕಾರಣಕ್ಕೆ ಅವನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಪೆಟ್ಟಿಗೆಗಳನ್ನು ಕೋಣೆಯಲ್ಲಿಟ್ಟು, ಕೋಣೆಗೆ ಬೀಗ ಹಾಕಿ, ಬೀಗಕ್ಕೆ ಧೂಳು ಕೂರದಂತೆ ಬಟ್ಟೆ ಸುತ್ತಲಾಗಿತ್ತು. ಆದ್ದರಿಂದ ಮಕ್ಕಳೇ ಕಂಪ್ಯೂಟರ್ ಆಗತಕ್ಕದ್ದೆಂದು ದೊಡ್ಡ ಮೇಡಂ ತೀರ್ಮಾನಿಸಿದರು. ಒಂದೊಂದು ಮಗು ಒಂದೊಂದು ಆದೇಶ.

ಪಾಠ, ‘ನಾಗರಿಕ ಮತ್ತು ಆಡಳಿತ’. ಸಮಾಜದ ಮೇಡಂ ಹಜಾರದಲ್ಲಿ ಮೂರು ಮೇಜು ಹಾಕಿಸಿ, ಅವುಗಳ ಆಚೆ ಅಧಿಕಾರಿಗೆಂದು ಒಂದು ಕುರ್ಚಿ ಇಡಿಸಿದರು. ಬೀದಿದೀಪ ಕೆಟ್ಟಿದೆಯೆಂದು ಒಬ್ಬ ಹುಡುಗಿ ಅರ್ಜಿ ಹಿಡಿದು ಬರಬೇಕು. ಮೊದಲ ಮೇಜು ಅದನ್ನು ಪಡೆಯಬೇಕು. ಎರಡನೆಯದು ಪರಿಶೀಲಿಸಬೇಕು. ಮೂರನೆಯದು, ಅಧಿಕಾರಿ ಕುರ್ಚಿಯಲ್ಲಿದ್ದರೆ ಅವರ ಬಳಿಗೆ, ಇಲ್ಲದಿದ್ದರೆ ಮರಳಿ ಮೊದಲ ಮೇಜಿಗೆ ಕಳುಹಿಸಬೇಕು. ಸಹಿ ಆಗುವವರೆಗೆ ಇದನ್ನೇ ಪುನರಾವರ್ತಿಸಬೇಕು.

ಅಧಿಕಾರಿಯಾಗಿದ್ದ ಹುಡುಗ ಪ್ರೋಗ್ರಾಮ್ ಶುರುವಾದ ಕೂಡಲೇ ನೀರು ಕುಡಿಯಲು ಎದ್ದುಹೋದ. ತಿರುಗಿ ಬಂದು ಕುರ್ಚಿಯ ಬೆನ್ನಿಗೆ ಸ್ವೆಟರ್ ಹಾಕಿ ಮತ್ತೆ ಹೋದ. ಗಂಟೆ ಹೊಡೆದಾಗ ಮನೆಗೇ ಹೋದ. ಈ ಪಾತ್ರವನ್ನು ಇಷ್ಟು ಸಹಜವಾಗಿ ಹಿಂದೆ ಯಾರೂ ಮಾಡಿರಲಿಲ್ಲವೆಂದು ಸಮಾಜದ ಮೇಡಂ ಅವನಿಗೆ ಪೂರ್ತಿ ಅಂಕ ಕೊಟ್ಟರು.

ಅರ್ಜಿದಾರಳು ಸುತ್ತುತ್ತಲೇ ಇದ್ದಳು. ಮೇಜಿನ ಮಕ್ಕಳಿಗೆ ಅವರವರ ಮನೆಯವರು ತಿಂಡಿ ತಂದುಕೊಟ್ಟು ಹೋದರು. ಇಷ್ಟು ಚಿಕ್ಕ ವಯಸ್ಸಿಗೇ ಮಕ್ಕಳು ಒಳ್ಳೆಯ ಜಾಗದಲ್ಲಿ ಕೂತಿದ್ದಾರೆಂದು ಅವರಿಗೆ ಸಮಾಧಾನವಿತ್ತು.

ಅರ್ಜಿದಾರಳ ತಾಯಿ ಟೈಲರ್. ಯಾರ ಹಂಗೂ ಇಲ್ಲದೆ ಒಂದು ಹೊಲಿಗೆ ಯಂತ್ರದಿಂದ ಅಂಗಡಿ ಕಟ್ಟಿದವಳು, ಸೊಟ್ಟ ಹೊಲಿಗೆಯನ್ನು ಬಿಚ್ಚದೆ ಬಿಟ್ಟವಳಲ್ಲ. ಸಂಜೆಯಾದರೂ ಮಗಳು ಬಾರದ್ದಕ್ಕೆ ಕುತ್ತಿಗೆಯಲ್ಲಿನ ಅಳತೆ ಟೇಪನ್ನೂ ತೆಗೆಯದೆ ಬಂದಳು.

“ಏ ಪುಟ್ಟಿ, ನಡಿ ಮನೆಗೆ.”

“ಈಗ ಬಂದ್ರೆ ಸಮಾಜದಲ್ಲಿ ಸೊನ್ನೆ ಅಂತೆ ಅಮ್ಮಾ. ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರ್ಬೇಕು.”

ಟೈಲರ್ ನೇರ ದೊಡ್ಡ ಮೇಡಂ ಕೋಣೆಗೆ ಹೋದಳು. “ನಿಲ್ಸಿ ಮೇಡಂ ಇದನ್ನ. ಮಗು ಕಾಲು ಹೇಗೆ ಊದಿದೆ ನೋಡಿ.”

“ನಿಲ್ಸೋ ಹಾಗಿಲ್ಲಮ್ಮ. ನಡೀತಿರೋ ಪ್ರೋಗ್ರಾಮ್ ಮಧ್ಯದಲ್ಲಿ ನಿಲ್ಸಿದ್ರೆ ಕಂಪ್ಯೂಟರ್ ಕೆಟ್ಟೋಗತ್ತೆ ಅಂತ ಸುತ್ತೋಲೇಲೇ ಇದೆ.”

“ಯಾವ ಕಂಪ್ಯೂಟರು? ಅದು ಪೆಟ್ಟಿಗೇಲಿದೆಯಲ್ಲ.”

“ಅದಕ್ಕೇ ಇನ್ನೂ ಕೆಟ್ಟಿಲ್ಲ.”

“ಮತ್ತೆ ನಾನೇನು ಮಾಡ್ಲಿ?”

“ನಿಲ್ಲಿಸಿ ಮಗಳನ್ನ ಮನೆಗೆ ಕಳಿಸಿ ಅಂತ ಒಂದು ಅರ್ಜಿ ಕೊಡಿ. ಮೊದಲನೇ ಮೇಜಲ್ಲಿ ತಗೋತಾರೆ.”

ಟೈಲರ್ ಬರೆದುಕೊಟ್ಟಳು. ಕಾಗದದ ಅಂಚಿನಲ್ಲಿ ಸಾಕಷ್ಟು ಜಾಗ ಬಿಟ್ಟಿಲ್ಲವೆಂದು ಎರಡನೇ ಮೇಜಿನ ಹುಡುಗಿ ತಗಾದೆ ತೆಗೆದಳು. ಟೈಲರ್ ಟೇಪು ಹಿಡಿದು ತೋರಿಸಿದಳು.

“ಅಳತೆ ಸರಿಯಿದೆ ಆಂಟಿ,” ಎಂದು ಹುಡುಗಿ ಒಪ್ಪಿಕೊಂಡಳು. “ಮುಂದಕ್ಕೆ ಹೋಗಿ.”

ಮುಂದೆ ಮೂರನೇ ಮೇಜು. ಅಧಿಕಾರಿ ಕುರ್ಚಿಯಲ್ಲಿರಲಿಲ್ಲ. ಟೈಲರ್ ಮೊದಲ ಮೇಜಿಗೆ ಬಂದಳು. ಅವಳ ಮುಂದೆಯೇ ಮಗಳು ನಡೆಯುತ್ತಿದ್ದಳು.

“ಅಮ್ಮಾ, ಮೂರನೇ ಮೇಜಲ್ಲಿ ವಾದ ಮಾಡ್ಬೇಡ. ಸುಮ್ನೆ ತಲೆ ಆಡ್ಸು, ಬೇಗ ವಾಪಸ್ ಕಳಿಸ್ತಾರೆ.”

“ವಾಪಸ್ ಬರೋಕೆ ಇಷ್ಟು ಅವಸರ ಯಾಕೆ?”

“ನಡೀತಿದ್ರೆ ಗೊತ್ತಾಗಲ್ಲ. ನಿಂತ್ರೇನೇ ಕಾಲು ನೋಯೋದು.”

ಇದನ್ನು ಕಿಟಕಿಯಿಂದ ಗಮನಿಸಿದ ದೊಡ್ಡ ಮೇಡಂ ಸೂಚನಾ ಫಲಕದಲ್ಲಿ ಹೀಗೆ ಬರೆಸಿದರು: ‘ಪೋಷಕರು ಕಲಿಕೆಯಲ್ಲಿ ಸ್ವಯಂಪ್ರೇರಿತರಾಗಿ ಪಾಲ್ಗೊಳ್ಳುತ್ತಿದ್ದಾರೆ. ಪಾಲ್ಗೊಂಡವರು ನಡುವೆ ಹೊರಡುವಂತಿಲ್ಲ.’

ದೀಪ ಹಚ್ಚುವ ಹೊತ್ತಿಗೆ ಅಧಿಕಾರಿ ಸ್ವೆಟರ್ ತೆಗೆದುಕೊಂಡು ಹೋಗಲು ಬಂದ. “ಸಾಹೇಬ್ರು ಇದ್ದಾರೆ,” ಎಂದು ಮೂರನೇ ಮೇಜು ಘೋಷಿಸಿತು. ಆಗ ಅಲ್ಲಿ ನಿಂತಿದ್ದವಳು ಬೀದಿದೀಪದ ಅರ್ಜಿಯ ಹುಡುಗಿ. ಅಧಿಕಾರಿ ಕುರ್ಚಿಯಲ್ಲಿ ಕೂತು, ಕಂಕುಳಲ್ಲಿದ್ದ ಚೆಂಡನ್ನು ಕೆಳಗಿಡದೆ ಸಹಿ ಹಾಕಿ ಎದ್ದ.

“ನಂದೂ ಒಂದಿದೆ ಕಣಪ್ಪ,” ಎಂದು ಎರಡನೇ ಮೇಜಿನಿಂದ ಟೈಲರ್ ಕೂಗಿದಳು.

“ದಿನಕ್ಕೆ ಒಂದೇ ಆಂಟಿ. ನಾಳೆ ಬನ್ನಿ.”

ಹುಡುಗಿ ತೇರ್ಗಡೆಯಾದಳೆಂದು ಸಮಾಜದ ಮೇಡಂ ಅಲ್ಲೇ ಪ್ರಕಟಿಸಿದರು. ಅವಳು ಬಂದು ತಾಯಿಯ ಕೈ ಹಿಡಿದಳು.

“ನಡಿ ಅಮ್ಮಾ, ಹೋಗೋಣ. ನನ್ನ ಬಿಟ್ರಲ್ಲ.”

“ನಿಂದು ಆಯ್ತು. ನಂದು ಎರಡನೇ ಮೇಜಲ್ಲಿದೆ.”

“ನೀನು ಅರ್ಜಿ ಕೊಟ್ಟಿದ್ದೇ ನನ್ನ ಬಿಡಿಸೋಕೆ ತಾನೆ?”

“ಇಷ್ಟು ಹೊತ್ತು ಸುತ್ತಿ, ಈಗ ಸುಮ್ನೆ ಎದ್ದು ಬರೋಕೆ ನಾನೇನು ಕೆಲಸ ಇಲ್ಲದೋಳಾ?”

ಅರ್ಜಿ ಬಾಕಿ ಇರುವುದರಿಂದ ಪ್ರೋಗ್ರಾಮ್ ಮುಂದುವರಿಯತಕ್ಕದ್ದೆಂದು ದೊಡ್ಡ ಮೇಡಂ ಆದೇಶಿಸಿದರು. ಮರುದಿನ ಮೊದಲ ಗಂಟೆಗೇ ಟೈಲರ್ ಹಾಜರಾದಳು. ಅಧಿಕಾರಿಗೆ ಜ್ವರವೆಂದು ಚೀಟಿ ಬಂದಿತ್ತು.

ಆ ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿ ಒಬ್ಬಳೇ ಬಂದು ಅಂಗಡಿಯ ಬಾಗಿಲು ತೆಗೆದಳು. ರವಿಕೆ ಹೊಲಿಯಲು ಕೊಟ್ಟಿದ್ದ ನರ್ಸಮ್ಮ ಬಂದರು.

“ಅಮ್ಮ ಎಲ್ಲಮ್ಮ?”

“ಸ್ಕೂಲಲ್ಲಿದ್ದಾರೆ. ನನ್ನನ್ನ ಮನೆಗೆ ಕರ್ಕೊಂಡು ಬರೋಕೆ ಹೋಗಿದ್ದಾರೆ.”

ನರ್ಸಮ್ಮ ಹುಡುಗಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

“ಯಾವ ಮೇಜಲ್ಲಿದ್ದಾರೆ?”

“ನಾನು ಬರೋವಾಗ ಮೂರನೇದ್ರಲ್ಲಿದ್ರು.”

“ಓ, ಹಾಗಾದ್ರೆ ಇನ್ನೇನು ಆಗೇ ಹೋಯ್ತು ಬಿಡು,” ಎಂದು ನರ್ಸಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.