ಲ್ಯಾಬಿಗೆ ಆರತಿ ಬೆಳಗಲು ಹೋದದ್ದು

ಸಂತೋಷ ಹೆಚ್ಚಾದ ದಿನ ನನ್ನ ತಲೆ ಕೆಲಸ ಮಾಡುವುದಿಲ್ಲ. ಮೊಮ್ಮಗಳು ಶಿವಲೀಲಾಗೆ ಹುಮನಾಬಾದದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ನೌಕರಿ ಸಿಕ್ಕಿತೆಂದು ಬಸವಕಲ್ಯಾಣದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಒಂದೇ ಮನೆಗೆ ಮೂರು ಸಲ ಕೊಟ್ಟೆನಂತೆ. ಒಂದು ತಿಂಗಳು ಕೆಲಸ ನೋಡಿ ಆಮೇಲೆ ಖಾಯಂ ಮಾಡುತ್ತಾರೆಂದು ಅವಳು ಹೇಳಿದ್ದಳು. ಆ ಮಾತು ಮಾತ್ರ ನನ್ನ ತಲೆಗೆ ಹತ್ತಿರಲಿಲ್ಲ.

ನಮ್ಮಲ್ಲಿ ಹೊಸ ಟ್ರ್ಯಾಕ್ಟರ್ ಬರಲಿ, ಹಿಟ್ಟಿನ ಗಿರಣಿ ಬರಲಿ, ಮನೆಯ ಹಿರಿಯಳು ಆರತಿ ಬೆಳಗಲೇಬೇಕು. ಲ್ಯಾಬ್ ಏನು ಪಾಪ ಮಾಡಿದೆ? ತಾಟು, ತುಪ್ಪದ ಬತ್ತಿ, ಕಡ್ಡಿಪೆಟ್ಟಿಗೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನಾನು ಹೋದಾಗ ಶಿವಲೀಲಾ ಲ್ಯಾಬಿನಲ್ಲಿ ದೊಡ್ಡ ಡಬ್ಬಿಯಿಂದ ಸಣ್ಣ ಬಾಟಲಿಗೆ ಸ್ಪಿರಿಟ್ ಸುರಿಯುತ್ತಿದ್ದಳು. ಅದನ್ನಿಡಲು ಬೀಗ ಹಾಕುವ ಕಬ್ಬಿಣದ ಕಪಾಟು ಬೇರೆ. ನಾನು ಸೀಮೆಎಣ್ಣೆಯನ್ನು ಕೈಗೆ ಸಿಗಲೆಂದು ಒಲೆಯ ಪಕ್ಕದಲ್ಲೇ ಇಟ್ಟು ಸಂಸಾರ ಮಾಡಿದವಳು. ಇದೆಂಥ ಮರ್ಯಾದೆಯೋ ಎಂದುಕೊಂಡು, ಬಾಗಿಲಲ್ಲೇ ನಿಂತು ಕಡ್ಡಿ ತೆಗೆದೆ.

“ಕಡ್ಡಿ ಗೀಚಬ್ಯಾಡ್ರಿ. ಹೊರಗ ನಡೀರಿ.”

ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ ಪರಕೀಯಳಂತೆ ಮಾತಾಡಿದ್ದು ಅದೇ ಮೊದಲು. ಹಿಂತಿರುಗಿದರೆ ಅವಳ ಕೆಲಸ ನೋಡುವ ಹೆಡ್ ಮೇಡಂ ನಿಂತಿದ್ದರು. ಶಿವಲೀಲಾ ಡಬ್ಬಿ ಮುಚ್ಚಿಟ್ಟು ಬಂದು, ಪಡಸಾಲೆಯಲ್ಲಿ ನನ್ನ ಕಡ್ಡಿಪೆಟ್ಟಿಗೆ ಕಸಿದುಕೊಂಡಳು.

“ಆಯಿ, ಸ್ಪಿರಿಟಿನ ಆವಿ ಕಣ್ಣಿಗೆ ಕಾಣಂಗಿಲ್ಲ. ನೆಲ ಹಿಡಿದು ಹರೀತದ. ಬೆಂಕಿ ಎಲ್ಲದನೋ ಅಲ್ಲೀತನಕ ಹೋಗ್ತದ.”

ಬೆಂಕಿ ಎಣ್ಣೆಗೆ ತಗಲುವುದು ನನಗೆ ಗೊತ್ತು. ಎಣ್ಣೆಯೇ ಎದ್ದು ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆಂದರೆ, ಯಾರನ್ನು ಯಾರಿಂದ ಕಾಯಬೇಕು? ತಿಳಿದವಳಂತೆ ತಲೆಯಾಡಿಸಿದೆ. ಒಂದು ತಿಂಗಳು ನೋಡಿ ಖಾಯಂ ಮಾಡುವ ಮಾತು ಈಗ ನೆನಪಾಯಿತು. ಹುಡುಗಿಯ ನೌಕರಿಗೆ ನಾನೇ ಕಡ್ಡಿ ಗೀಚಿದೆನಲ್ಲ! ಅವಳದೇನೂ ತಪ್ಪಿಲ್ಲ, ಮುದುಕಿಗೆ ಬುದ್ಧಿಯಿಲ್ಲ ಎಂದು ಮೇಡಂಗೆ ಕೈಮುಗಿದೆ.

ಮೇಡಂ ನಕ್ಕರು. “ಸ್ವಂತ ಅಜ್ಜಿಗೇ ಮುಲಾಜು ನೋಡ್ಲಿಲ್ಲ ಈಕಿ. ಇನ್ನ ಹುಡುಗರನ್ನ ಬಿಡ್ತಾಳೇನ್ರಿ? ಖಾಯಂ ಮಾಡ್ರಿ ಅಂತ ಇವತ್ತೇ ಬರೀತೀನಿ.”

ಆರತಿ ಮಾಡದೆಯೇ ಕೆಲಸ ಆಗಿಹೋಯಿತು. ಅದು ಹೇಗಾಯಿತೆಂದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಆದರೆ ಬಸವಕಲ್ಯಾಣ ಬರುವವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ, ಮೊಮ್ಮಗಳು ಕೆಲಸದಲ್ಲಿ ಹುಷಾರಿದ್ದಾಳೋ ಇಲ್ಲವೋ ನೋಡಲು ನಾನೇ ಬೇಕಂತಲೇ ಕಡ್ಡಿ ತೆಗೆದೆನೆಂದು ಹೇಳಿಕೊಂಡು ಬಂದೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಕಾಲೇಜಿನಲ್ಲಿ ಪರೀಕ್ಷೆ ನಡೆಸುವ ಯೋಗ ಮತ್ತೆ ಬರುತ್ತದೆಯೇ?